ಆಟಕ್ಕುಂಟು, ಲೆಕ್ಕಕ್ಕಿಲ್ಲ: ನಗರದ ಪಾರ್ಕಿನಲ್ಲಿ ಮಕ್ಕಳ ಜಾಗ

ನಲವತ್ತು ದಾಟಿದ ನಾಲ್ಕು ಮಂದಿ ಬೆಂಗಳೂರಿನವರು ಒಂದೆಡೆ ಸೇರಿದರೆ ಮಾತು ಎಲ್ಲಿಂದ ಹೊರಟರೂ ಕೊನೆಗೆ ಬಾಲ್ಯದ ಪಾರ್ಕಿಗೆ ಬಂದು ನಿಲ್ಲುತ್ತದೆ. ಶಾಲೆಯಿಂದ ಬಂದೊಡನೆ ಪುಸ್ತಕದ ಚೀಲವನ್ನು ನಡುಮನೆಯಲ್ಲೇ ಎಸೆದು, ಕೊಟ್ಟದ್ದನ್ನು ಬಾಯಿಗೆ ತುರುಕಿಕೊಂಡು ಓಡುತ್ತಿದ್ದೆವು, ಬೀದಿದೀಪ ಹತ್ತಿದ ಮೇಲೆಯೇ ಮನೆಗೆ ಮರಳುತ್ತಿದ್ದೆವು, ಆ ಎರಡು ಗಂಟೆ ನಾವು ಎಲ್ಲಿದ್ದೇವೆ, ಯಾರ ಜೊತೆಗಿದ್ದೇವೆ ಎಂದು ಯಾರೂ ವಿಚಾರಿಸುತ್ತಿರಲಿಲ್ಲ ಎಂಬುದು ಆ ಮಾತಿನ ಸಾರ. ಅದರ ಬೆನ್ನಿಗೇ ಈಗಿನ ಮಕ್ಕಳ ಮೊಬೈಲ್ ಚಟದ ಬಗ್ಗೆಯೂ ಈಗಿನ ತಂದೆತಾಯಂದಿರ ಅತಿಕಾಳಜಿಯ ಬಗ್ಗೆಯೂ ಒಂದೆರಡು ಟೀಕೆ ಬಂದೇ ಬರುತ್ತವೆ. ಎಂಬತ್ತರ ದಶಕದ ಜಯನಗರದಲ್ಲಿ ಬೆಳೆದ ನಾನೂ ಈ ಪಾಠವನ್ನು ಎಷ್ಟೋ ಸಲ ಒಪ್ಪಿಸಿದ್ದೇನೆ. ಆ ನೆನಪುಗಳು ಸುಳ್ಳೇನೂ ಅಲ್ಲ. ಆದರೆ ಹತ್ತು ವರ್ಷದ ಹುಡುಗನ ಕಣ್ಣಿಗೆ ಕಂಡಷ್ಟನ್ನೇ ಇಟ್ಟುಕೊಂಡು ಐವತ್ತರ ವಯಸ್ಸಿನಲ್ಲಿ ತೀರ್ಪು ಕೊಡಲು ಹೊರಟಾಗ ಎರಡು ಮುಖ್ಯ ಸಂಗತಿಗಳು ಕೈತಪ್ಪುತ್ತವೆ: ಅಂದು ನಮ್ಮನ್ನು ನಿಜಕ್ಕೂ ಯಾರು ನೋಡಿಕೊಳ್ಳುತ್ತಿದ್ದರು ಎಂಬುದು ಒಂದು, ಮನೆಯಿಂದ ಪಾರ್ಕಿನವರೆಗಿನ ಮುನ್ನೂರು ಮೀಟರ್ ದಾರಿಗೆ ಇಂದು ಏನಾಗಿದೆ ಎಂಬುದು ಇನ್ನೊಂದು.

ಮೊದಲನೆಯದನ್ನು ನೋಡೋಣ. ನಮ್ಮ ಪಾರ್ಕಿನ ಎದುರು ಸಾಲಿನ ಮನೆಗಳಿಗೆಲ್ಲ ಎದೆಯ ಮಟ್ಟದ ಕಾಂಪೌಂಡು, ಅದರ ಹಿಂದೆ ಒಂದು ವರಾಂಡ ಇತ್ತು. ಸಂಜೆ ನಾಲ್ಕರಿಂದ ಆರರವರೆಗೆ ಅಲ್ಲಿ ಯಾವುದಾದರೊಂದು ಮನೆಯ ಅಜ್ಜಿ ಹೂ ಕಟ್ಟುತ್ತಲೋ ಅವರೆಕಾಯಿ ಸುಲಿಯುತ್ತಲೋ ಕುಳಿತಿರುತ್ತಿದ್ದರು. ಮೂಲೆಯ ಕಾಂಡಿಮೆಂಟ್ಸ್ ಅಂಗಡಿಯವರಿಗೂ ಮರದ ಕೆಳಗೆ ತಳ್ಳುಗಾಡಿ ನಿಲ್ಲಿಸಿಕೊಂಡಿದ್ದ ಇಸ್ತ್ರಿಯವರಿಗೂ ಯಾರು ಯಾರ ಮನೆಯ ಮಗು ಎಂಬುದು ಬಾಯಿಪಾಠವಾಗಿತ್ತು. ನೇರಳೆ ಮರ ಹತ್ತಿ ಅಂಗಿ ಹರಿದುಕೊಂಡವನ ಸುದ್ದಿ ಅವನಿಗಿಂತ ಮೊದಲೇ ಅವನ ಮನೆಗೆ ತಲುಪಿರುತ್ತಿತ್ತು. ಇದನ್ನು ಮೇಲ್ವಿಚಾರಣೆ ಎಂದು ಯಾರೂ ಕರೆಯಲಿಲ್ಲ. ಆದರೆ ಹಲವು ಜೋಡಿ ಕಣ್ಣುಗಳು ಬೇರೆ ಕೆಲಸದ ನಡುವೆ ಆಗೀಗ ಎತ್ತಿ ನೋಡುತ್ತಿದ್ದ ಆ ಏರ್ಪಾಡು ನಾವು ಅಂದುಕೊಂಡದ್ದಕ್ಕಿಂತ ದಟ್ಟವಾಗಿತ್ತು. ಅದರ ಗುಣವೆಂದರೆ ಅಪಾಯ ಕಂಡಾಗ ಮಾತ್ರ ಅದು ಬಾಯಿ ತೆರೆಯುತ್ತಿತ್ತು. ಆಟದ ಜಗಳಕ್ಕೆ ಅಜ್ಜಿ ಎಂದೂ ತಲೆ ಹಾಕಲಿಲ್ಲ.

ಈ ಏರ್ಪಾಡಿಗೆ ಬೆಲೆಯೂ ಇತ್ತು, ಅದನ್ನು ತೆತ್ತವರು ಹೆಂಗಸರು. ಹಗಲಿಡೀ ಮನೆಯಲ್ಲೇ ಇರಬೇಕಾಗಿದ್ದ ತಾಯಂದಿರು, ಅತ್ತೆಯರು, ಚಿಕ್ಕಮ್ಮಂದಿರು ಇದ್ದುದರಿಂದಲೇ ಬೀದಿಗೆ ಕಣ್ಣುಗಳಿದ್ದವು. ಇಂದು ಅದೇ ಬೀದಿಯಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಮನೆಗಳಿಗೆ ಬೀಗ ಬೀಳುತ್ತದೆ, ವರಾಂಡ ಇದ್ದ ಕಡೆ ಕಾರು ನಿಂತಿದೆ, ಹೊಸದಾಗಿ ಎದ್ದ ಮನೆಗಳ ನೆಲಮಹಡಿಯೇ ಪಾರ್ಕಿಂಗ್ ಆಗಿರುವುದರಿಂದ ಬೀದಿಯ ಮಟ್ಟದಲ್ಲಿ ಕುಳಿತು ನೋಡುವ ಒಬ್ಬ ಮನುಷ್ಯನೂ ಇಲ್ಲ. ಹೆಂಗಸರು ಮತ್ತೆ ವರಾಂಡಕ್ಕೆ ಮರಳಲಿ ಎಂದು ಯಾರಾದರೂ ಹೇಳುವುದಾದರೆ ನಾನಂತೂ ಅವರ ಜೊತೆಗಿಲ್ಲ. ಆ ಕೆಲಸವನ್ನು ಇನ್ನು ಯಾರು, ಹೇಗೆ ಮಾಡಬೇಕು ಎಂಬ ಪ್ರಶ್ನೆಗೆ ನಗರ ಉತ್ತರ ಹುಡುಕಲೇ ಇಲ್ಲ ಎಂಬುದಷ್ಟೇ ನನ್ನ ತಕರಾರು.

ಕಣ್ಣುಗಳ ಜೊತೆಗೆ ಇನ್ನೊಬ್ಬ ಮೇಲ್ವಿಚಾರಕಿಯೂ ಇದ್ದಳು, ಅಕ್ಕ. ಆರು ವರ್ಷದ ತಮ್ಮ ಪಾರ್ಕಿಗೆ ಹೋಗಬಹುದಾಗಿದ್ದದ್ದು ಹತ್ತು ವರ್ಷದ ಅಕ್ಕ ಅಥವಾ ಅಣ್ಣ ಜೊತೆಗಿದ್ದ ಕಾರಣಕ್ಕೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಮಹಿಳೆಗೆ ಸರಾಸರಿ ಹುಟ್ಟುವ ಮಕ್ಕಳ ಸಂಖ್ಯೆ 2019–21ರ ಸುತ್ತಿನಲ್ಲಿ 1.7, 1990ರ ದಶಕದ ಆರಂಭದಲ್ಲಿ ಅದು ಮೂರರ ಸಮೀಪದಲ್ಲಿತ್ತು. ನಗರದ ಮಧ್ಯಮವರ್ಗದಲ್ಲಿ ಒಂದೇ ಮಗು ಸಾಕೆನ್ನುವ ಮನೆಗಳು ಇಂದು ಸಾಮಾನ್ಯ. ಒಂಟಿ ಮಗುವನ್ನು ಕಳಿಸುವುದಕ್ಕೂ ಮೂವರನ್ನು ಒಟ್ಟಿಗೆ ಕಳಿಸುವುದಕ್ಕೂ ಇರುವ ವ್ಯತ್ಯಾಸವನ್ನು ತಾಯಿಯ ಪುಕ್ಕಲುತನ ಎಂದು ಕರೆಯುವುದು ಅನ್ಯಾಯ.

ನೆನಪು ಮರೆಮಾಚುವ ಇನ್ನೊಂದು ಸಂಗತಿಯನ್ನೂ ಹೇಳಲೇಬೇಕು. ‘ನಾವೆಲ್ಲ ಆಡುತ್ತಿದ್ದೆವು’ ಎಂಬ ಮಾತಿನ ‘ಎಲ್ಲ’ ಎಂಬುದು ಅಷ್ಟು ದೊಡ್ಡದಾಗಿರಲಿಲ್ಲ. ಕುಂಟೆಬಿಲ್ಲೆಯಲ್ಲಿ ನಮ್ಮನ್ನೆಲ್ಲ ಸೋಲಿಸುತ್ತಿದ್ದ ಹುಡುಗಿಯರು ಹನ್ನೆರಡು ಹದಿಮೂರಕ್ಕೆ ಪಾರ್ಕಿನಿಂದ ಮರೆಯಾದರು; ದೊಡ್ಡವಳಾದಳು ಎಂಬ ಒಂದು ಮಾತಿನಲ್ಲಿ ಆ ವಿಷಯ ಮುಗಿಯುತ್ತಿತ್ತು. ಪಾರ್ಕಿನ ಹಿಂಬದಿಯ ಕೊಳೆಗೇರಿಯ ಮಕ್ಕಳು ಚೆಂಡು ಎತ್ತಿಕೊಡಲು ಬರುತ್ತಿದ್ದರೇ ಹೊರತು ಬ್ಯಾಟು ಹಿಡಿಯಲು ಅವರಿಗೆ ಸರದಿ ಸಿಗುತ್ತಿದ್ದದ್ದು ಅಪರೂಪ. ಬೆಂಗಳೂರಿನಲ್ಲೇ ಶುರುವಾದ ಬ್ಲಾಂಕ್ ನಾಯ್ಸ್ ಎಂಬ ಗುಂಪು ಹೆಂಗಸರು ಪಾರ್ಕಿನ ಹುಲ್ಲಿನ ಮೇಲೆ ಮಲಗಿ ನಿದ್ದೆ ಮಾಡುವ ಕಾರ್ಯಕ್ರಮವನ್ನು ವರ್ಷಗಳಿಂದ ನಡೆಸಿಕೊಂಡು ಬಂದಿದೆ. ಸಾರ್ವಜನಿಕ ಜಾಗದಲ್ಲಿ ಸುಮ್ಮನೆ ಇರುವುದಕ್ಕೂ ಹೀಗೆ ಅಭ್ಯಾಸ ಬೇಕಾಗಿದೆಯೆಂದರೆ, ಆ ಅಭ್ಯಾಸ ತಪ್ಪಿದ್ದು ಯಾವ ವಯಸ್ಸಿನಲ್ಲಿ ಎಂದು ಕೇಳಿಕೊಳ್ಳಬೇಕಾಗುತ್ತದೆ.

ಇಷ್ಟೆಲ್ಲ ಕಳೆದ ಮೇಲೂ ಆ ಎರಡು ಗಂಟೆಗಳಲ್ಲಿ ಒಂದು ಅಮೂಲ್ಯ ವಸ್ತು ಉಳಿಯುತ್ತದೆ. ಅದನ್ನು ವಿವರಿಸಲು ಕನ್ನಡದಲ್ಲಿ ಒಂದು ಮಾತು ಆಗಲೇ ಇದೆ. ಲಗೋರಿಗೋ ಮರಕೋತಿಗೋ ಗುಂಪು ಕಟ್ಟುವಾಗ ಯಾರದಾದರೂ ಐದು ವರ್ಷದ ತಂಗಿ ಅಳುತ್ತ ನಿಂತಿದ್ದರೆ, ಅವಳನ್ನು ಆಟಕ್ಕೆ ಸೇರಿಸಿಕೊಳ್ಳಲೇಬೇಕು. ಆದರೆ ಅವಳನ್ನು ಔಟ್ ಮಾಡಿ ಗೆಲ್ಲುವುದೂ ಅವಳಿಂದಾಗಿ ಸೋಲುವುದೂ ಎರಡೂ ತರವಲ್ಲ. ಆಗ ಹುಟ್ಟುವ ನಿಯಮವೇ ‘ಆಟಕ್ಕುಂಟು, ಲೆಕ್ಕಕ್ಕಿಲ್ಲ’. ದೊಡ್ಡವರ ಮಾತಿನಲ್ಲಿ ಇದು ಕುಹಕವಾಗಿದೆ. ಮಕ್ಕಳ ನಡುವೆ ಅದೊಂದು ನ್ಯಾಯದ ತೀರ್ಮಾನ. ಬೇರೆ ಬೇರೆ ವಯಸ್ಸಿನ, ಬೇರೆ ಬೇರೆ ಶಕ್ತಿಯ ಮಕ್ಕಳು ದೊಡ್ಡವರ ಪಂಚಾಯಿತಿ ಇಲ್ಲದೆ ಒಟ್ಟಿಗೆ ಆಡಬೇಕಾದಾಗ ಮಾತ್ರ ಇಂಥ ನಿಯಮ ಹುಟ್ಟಲು ಸಾಧ್ಯ. ಹಾಗೆಯೇ ‘ಟೈಂಪ್ಲೀಸ್’ ಎಂದು ಕೂಗಿದವನನ್ನು ಮುಟ್ಟುವಂತಿಲ್ಲ, ಚೆಂಡು ಸಿಡುಕು ಸ್ವಭಾವದವರ ಮನೆಯ ಕಾಂಪೌಂಡಿಗೆ ಬಿದ್ದರೆ ಹೊಡೆದವನು ಔಟು ಮತ್ತು ತರಬೇಕಾದವನೂ ಅವನೇ, ಮೊದಲ ಚೆಂಡು ಟ್ರಯಲ್. ಬ್ಯಾಟಿನ ಒಡೆಯ ಸಿಟ್ಟಾಗಿ ಬ್ಯಾಟು ಹಿಡಿದು ಮನೆಗೆ ಹೊರಟರೆ ಆಟವೇ ನಿಲ್ಲುತ್ತದೆ. ಆದ್ದರಿಂದ ಅವನನ್ನು ಎಷ್ಟು ರಮಿಸಬೇಕು, ಎಲ್ಲಿ ಬಿಗಿ ಹಿಡಿಯಬೇಕು ಎಂಬ ಲೆಕ್ಕಾಚಾರ ಎಂಟು ವರ್ಷದವರಿಗೆ ಕರಗತವಾಗಿರುತ್ತಿತ್ತು. ಟೂ ಬಿಟ್ಟವರ ನಡುವೆ ರಾಜಿ ಮಾಡಿಸಲು ಮೂರನೆಯವನೊಬ್ಬ ಬೇಕಾಗುತ್ತಿದ್ದ, ಆ ಮೂರನೆಯವನಿಗೆ ಗುಂಪಿನಲ್ಲಿ ವಿಶೇಷ ಗೌರವವಿತ್ತು. ಇಂದಿನ ಕೋಚಿಂಗ್ ಕ್ಯಾಂಪಿನಲ್ಲಿ ಬ್ಯಾಟು ಒಳ್ಳೆಯದಿದೆ, ಪಿಚ್ ಒಳ್ಳೆಯದಿದೆ, ಮಗು ಕವರ್ ಡ್ರೈವನ್ನು ನಮಗಿಂತ ಚೆನ್ನಾಗಿ ಹೊಡೆಯುತ್ತದೆ. ಆದರೆ ಔಟೋ ಅಲ್ಲವೋ ಎಂಬ ಜಗಳ ಅಲ್ಲಿ ಇಲ್ಲ, ಏಕೆಂದರೆ ಅದನ್ನು ಬಗೆಹರಿಸಲು ಶುಲ್ಕ ತೆಗೆದುಕೊಂಡ ದೊಡ್ಡವರು ನಿಂತಿದ್ದಾರೆ.

ಇದು ಕೇವಲ ಹಂಬಲದ ಮಾತಲ್ಲ ಎಂಬುದಕ್ಕೆ ಸಂಶೋಧನೆಯ ಆಧಾರವೂ ಇದೆ, ಆದರೆ ಅದನ್ನು ಎಚ್ಚರದಿಂದ ಓದಬೇಕು. ನಾರ್ವೆಯ ಎಲೆನ್ ಸ್ಯಾಂಡ್ಸೆಟರ್ 2007ರಲ್ಲಿ ಮಕ್ಕಳು ತಾವಾಗಿಯೇ ಹುಡುಕಿಕೊಂಡು ಹೋಗುವ ಅಪಾಯದ ಆಟಗಳನ್ನು ಆರು ಬಗೆಯಾಗಿ ವಿಂಗಡಿಸಿದರು; ಎತ್ತರ ಹತ್ತುವುದು, ವೇಗ, ಕುಸ್ತಿಯಂತಹ ಜಗ್ಗಾಟ, ದೊಡ್ಡವರ ಕಣ್ಣು ತಪ್ಪಿಸಿ ಮರೆಯಾಗುವುದು ಇವುಗಳಲ್ಲಿ ಸೇರಿವೆ. ನಮ್ಮ ಮರಕೋತಿ ಮತ್ತು ಕಣ್ಣಾಮುಚ್ಚಾಲೆಗಳೆರಡರಲ್ಲೇ ಇವು ಬಹುಪಾಲು ಸಿಗುತ್ತವೆ. ಅಮೆರಿಕದ ಮನೋವಿಜ್ಞಾನಿ ಪೀಟರ್ ಗ್ರೇ ಮತ್ತು ಸಂಗಡಿಗರು 2023ರಲ್ಲಿ ಮಕ್ಕಳ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬರೆದ ಲೇಖನವು, ಸ್ವತಂತ್ರ ಆಟ ಮತ್ತು ಓಡಾಟ ಹಲವು ದಶಕಗಳಿಂದ ಇಳಿಯುತ್ತ ಬಂದದ್ದೇ ಮಕ್ಕಳ ಮಾನಸಿಕ ಆರೋಗ್ಯ ಕೆಟ್ಟದ್ದಕ್ಕೆ ಒಂದು ಮುಖ್ಯ ಕಾರಣ ಎಂದು ವಾದಿಸಿತು. ಎರಡೂ ಒಟ್ಟಿಗೆ ನಡೆದಿವೆ ಎಂಬುದು ನಿಜ. ಒಂದು ಇನ್ನೊಂದಕ್ಕೆ ಕಾರಣ ಎಂದು ಸಾಧಿಸುವುದು ಕಷ್ಟ, ಅಲ್ಲಿನ ಅಂಕಿಅಂಶಗಳನ್ನು ಹಾಗೆಯೇ ಇಲ್ಲಿಗೆ ಹೊತ್ತು ತರುವುದೂ ಸರಿಯಲ್ಲ. ಕಣ್ಣಿನ ವಿಷಯದಲ್ಲಿ ಸಾಕ್ಷ್ಯ ಹೆಚ್ಚು ಗಟ್ಟಿಯಾಗಿದೆ. ಚೀನಾದ ಗ್ವಾಂಗ್‌ಝೌನಲ್ಲಿ 12 ಶಾಲೆಗಳಲ್ಲಿ ನಡೆದು 2015ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ದಿನಕ್ಕೆ 40 ನಿಮಿಷ ಹೆಚ್ಚುವರಿಯಾಗಿ ಹೊರಗೆ ಕಳೆದ ಮಕ್ಕಳಲ್ಲಿ ಮೂರು ವರ್ಷಗಳಲ್ಲಿ ಹೊಸದಾಗಿ ಸಮೀಪದೃಷ್ಟಿ ಬಂದವರು ಶೇ 30.4, ಉಳಿದ ಶಾಲೆಗಳಲ್ಲಿ ಶೇ 39.5. ಆದರೆ ಆ 40 ನಿಮಿಷ ಶಾಲೆಯ ವೇಳಾಪಟ್ಟಿಯಲ್ಲಿ ಸೇರಿದ್ದ ತರಗತಿ. ಕಣ್ಣಿಗೆ ಬೇಕಾದದ್ದು ಬೆಳಕು, ಪಕ್ಕದಲ್ಲಿ ಮೇಷ್ಟ್ರು ನಿಂತಿದ್ದಾರೋ ಇಲ್ಲವೋ ಎಂಬುದು ಅದಕ್ಕೆ ಬೇಕಿಲ್ಲ. ಹೊರಗಿರುವುದರ ಲಾಭವನ್ನೂ ದೊಡ್ಡವರಿಲ್ಲದಿರುವುದರ ಲಾಭವನ್ನೂ ನಾವು ಸಾಮಾನ್ಯವಾಗಿ ಒಂದೇ ಗಂಟು ಕಟ್ಟಿಬಿಡುತ್ತೇವೆ. ಮೊದಲನೆಯದನ್ನು ಶಾಲೆಯೂ ಕೊಡಬಲ್ಲದು, ಎರಡನೆಯದನ್ನು ಕೊಡಲು ಬೀದಿ ಮತ್ತು ಪಾರ್ಕು ಬಿಟ್ಟರೆ ಬೇರೆ ಸ್ಥಳವಿಲ್ಲ.

ಹಾಗಾದರೆ ಮಕ್ಕಳನ್ನು ಪಾರ್ಕಿನಿಂದ ದೂರ ಮಾಡಿದ್ದು ಏನು? ಮೊಬೈಲು ಎಂಬ ಉತ್ತರ ಸುಲಭವಾಗಿ ಸಿಗುತ್ತದೆ. ಆದರೆ ಕಾಲದ ಲೆಕ್ಕ ಹಾಕಿದರೆ ಅದು ಪೂರ್ತಿ ಹೊಂದುವುದಿಲ್ಲ. ಇಂಗ್ಲೆಂಡಿನ ಮೇಯರ್ ಹಿಲ್‌ಮನ್ ಮತ್ತು ಸಂಗಡಿಗರು 1990ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಏಳೆಂಟು ವರ್ಷದ ಮಕ್ಕಳಲ್ಲಿ ದೊಡ್ಡವರ ಜೊತೆಯಿಲ್ಲದೆ ಶಾಲೆಗೆ ಹೋಗುತ್ತಿದ್ದವರು 1971ರಲ್ಲಿ ಶೇ 80, 1990ರ ಹೊತ್ತಿಗೆ ಶೇ 9. ಆಗ ಮಕ್ಕಳ ಕೈಯಲ್ಲಿ ಮೊಬೈಲು ಇರಲಿಲ್ಲ, ರಸ್ತೆಯಲ್ಲಿ ಕಾರುಗಳಿದ್ದವು. ಆ ಅಧ್ಯಯನದ ಅತ್ಯಂತ ಚುಚ್ಚುವ ಮಾತು ಬೇರೊಂದಿದೆ. ಆ ಅವಧಿಯಲ್ಲಿ ರಸ್ತೆಯಲ್ಲಿ ಸಾಯುವ ಮಕ್ಕಳ ಸಂಖ್ಯೆ ಗಣನೀಯವಾಗಿ ಇಳಿದಿತ್ತು, ರಸ್ತೆಗಳು ಸುರಕ್ಷಿತವಾಗಿವೆ ಎಂದು ಸರ್ಕಾರ ಬೆನ್ನು ತಟ್ಟಿಕೊಂಡಿತ್ತು. ವಾಹನಗಳು ಹೆಚ್ಚಿದ್ದರೂ ಸಾವು ಇಳಿದದ್ದು ರಸ್ತೆಗಳು ಸುಧಾರಿಸಿದ್ದರಿಂದಲ್ಲ, ಮಕ್ಕಳನ್ನು ರಸ್ತೆಯಿಂದ ಎತ್ತಿಬಿಟ್ಟದ್ದರಿಂದ ಎಂದು ಹಿಲ್‌ಮನ್ ತೋರಿಸಿಕೊಟ್ಟರು. ಹುಲಿಗಳು ಹೆಚ್ಚಿರುವ ಕಾಡಿನಲ್ಲಿ ಜಿಂಕೆಗಳ ಸಾವು ಕಡಿಮೆಯಾಗಿದ್ದರೆ, ಜಿಂಕೆಗಳು ಇನ್ನೂ ಅಲ್ಲಿವೆಯೇ ಎಂದು ಮೊದಲು ನೋಡಬೇಕಲ್ಲವೇ?

ಬೆಂಗಳೂರಿನ ಕಥೆ ಇದಕ್ಕಿಂತ ವೇಗವಾಗಿ ನಡೆಯಿತು. 2000ದ ಸುಮಾರಿಗೆ ನಗರದಲ್ಲಿ ನೋಂದಣಿಯಾಗಿದ್ದ ವಾಹನಗಳು 15 ಲಕ್ಷದ ಆಸುಪಾಸಿನಲ್ಲಿದ್ದವು. ಇಂದು ಒಂದು ಕೋಟಿ ದಾಟಿವೆ. 1948ರಲ್ಲಿ ಅಡಿಗಲ್ಲು ಬಿದ್ದ ಜಯನಗರವು ಬ್ಲಾಕು, ಮೇನು, ಕ್ರಾಸುಗಳ ಲೆಕ್ಕದಲ್ಲಿ, ಬ್ಲಾಕಿಗೊಂದಾದರೂ ಪಾರ್ಕು ಇರುವಂತೆ ರೂಪುಗೊಂಡ ಬಡಾವಣೆ. ಅಲ್ಲಿ ಬಹುಪಾಲು ಮನೆಗಳಿಂದ ಪಾರ್ಕಿಗೆ ಮಗುವಿನ ನಡಿಗೆಯಲ್ಲಿ ಐದಾರು ನಿಮಿಷ. ಆ ಪಾರ್ಕುಗಳು ಇಂದಿಗೂ ಅಲ್ಲೇ ಇವೆ, ಮರಗಳು ಇನ್ನಷ್ಟು ಎತ್ತರವಾಗಿವೆ. ಬದಲಾದದ್ದು ನಡುವಿನ ಕ್ರಾಸು. ಎರಡೂ ಬದಿಗೆ ನಿಂತ ಕಾರುಗಳ ನಡುವೆ ಎಂಟು ವರ್ಷದ ಮಗು ನಿಂತರೆ ಬರುವ ವಾಹನ ಅದಕ್ಕೆ ಕಾಣುವುದಿಲ್ಲ, ವಾಹನದವನಿಗೂ ಆ ಮಗು ಕಾಣುವುದಿಲ್ಲ. ಫುಟ್‌ಪಾತಿನ ಮೇಲೆ ಟ್ರಾನ್ಸ್‌ಫಾರ್ಮರು, ಚಪ್ಪಡಿ ಎದ್ದ ಚರಂಡಿ, ಡೆಲಿವರಿ ಹುಡುಗರ ಬೈಕುಗಳು. ಮುಖ್ಯರಸ್ತೆಯ ಸಿಗ್ನಲ್ ತಪ್ಪಿಸಲು ಒಳದಾರಿ ಹಿಡಿಯುವಂತೆ ಫೋನಿನ ನಕಾಶೆಯೇ ಹೇಳಿಕೊಡುವುದರಿಂದ, ಮನೆಮಂದಿಯ ವಾಹನಗಳಷ್ಟೇ ಓಡಾಡುತ್ತಿದ್ದ ಕ್ರಾಸುಗಳಲ್ಲೂ ಈಗ ಊರಿನ ವಾಹನಗಳೆಲ್ಲ ಹರಿಯುತ್ತವೆ. 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ ಸತ್ತ 1,68,491 ಜನರಲ್ಲಿ 32,825 ಮಂದಿ ಪಾದಚಾರಿಗಳು, ಒಂಬತ್ತು ಸಾವಿರಕ್ಕೂ ಹೆಚ್ಚು ಮಂದಿ 18 ವರ್ಷದೊಳಗಿನವರು. ಇದನ್ನು ತಿಳಿದೂ ಮಗುವನ್ನು ಒಂಟಿಯಾಗಿ ಕಳಿಸದ ತಾಯಿ ಅತಿಕಾಳಜಿಯವಳೇನಲ್ಲ, ಲೆಕ್ಕ ಬಲ್ಲವಳು.

ಟೆಂಡರ್ ಶ್ಯೂರ್ ಯೋಜನೆಯಲ್ಲಿ ನಗರದ ನಡುಭಾಗದ ಕೆಲವು ರಸ್ತೆಗಳಿಗೆ ಅಗಲವಾದ, ಸಮತಟ್ಟಾದ ಫುಟ್‌ಪಾತು ಬಂದಿತು. ಒಳ್ಳೆಯ ಕೆಲಸ. ಆದರೆ ಅವು ಕಚೇರಿಗೆ, ಅಂಗಡಿಗೆ ಹೋಗುವವರ ದಾರಿಗಳು. ಮನೆಯಿಂದ ಪಾರ್ಕಿಗೆ, ಮನೆಯಿಂದ ಸರ್ಕಾರಿ ಶಾಲೆಗೆ ಹೋಗುವ ಕ್ರಾಸುಗಳನ್ನು ಹಾಗೆ ಕಟ್ಟಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಅಪಹರಣದ, ಅಪರಿಚಿತರ ಭಯದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. 2006ರ ಕೊನೆಯಲ್ಲಿ ಬೆಳಕಿಗೆ ಬಂದ, ದೆಹಲಿ ಸಮೀಪದ ನಿಠಾರಿಯ ಮಕ್ಕಳ ಸರಣಿ ಕೊಲೆಗಳ ಕ್ರೌರ್ಯವನ್ನು ಸುದ್ದಿವಾಹಿನಿಗಳು ಮನೆಮನೆಯ ನಡುಕೋಣೆಗೆ ತಂದವು, ಅದರ ನೆರಳು ಇನ್ನೂ ಸರಿದಿಲ್ಲ. ಆದರೆ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊದ ವರದಿಗಳು ವರ್ಷ ವರ್ಷವೂ ಒಂದೇ ವಿಷಯ ಹೇಳುತ್ತಿವೆ: ಪೋಕ್ಸೊ ಕಾಯ್ದೆಯಡಿ ದಾಖಲಾಗುವ ಅತ್ಯಾಚಾರ ಪ್ರಕರಣಗಳಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಕಡೆ ಆರೋಪಿ ಮಗುವಿಗೆ ಪರಿಚಿತನೇ, ಮನೆಯವನೇ, ನೆರೆಯವನೇ. ಬೀದಿನಾಯಿಗಳ ಭಯ ಇದಕ್ಕಿಂತ ಪ್ರತ್ಯಕ್ಷ. ಪಾಲಿಕೆಯ 2023ರ ಸಮೀಕ್ಷೆಯಲ್ಲಿ ನಗರದ ಬೀದಿನಾಯಿಗಳು ಸುಮಾರು 2.79 ಲಕ್ಷ ಎಂದು ಅಂದಾಜಾಗಿತ್ತು. ಕಸದ ರಾಶಿ ಇರುವ ಮೂಲೆಯೇ ಪಾರ್ಕಿನ ಗೇಟಿನ ಪಕ್ಕದಲ್ಲಿದ್ದರೆ ಆರು ವರ್ಷದ ಮಗುವಿಗೆ ಅದೊಂದು ದಾಟಲಾಗದ ಗಡಿ.

ದಾರಿ ದಾಟಿ ಪಾರ್ಕು ಸೇರಿದ ಮಗುವಿಗೆ ಅಲ್ಲಿ ಏನು ಸಿಗುತ್ತದೆ? ಬಿಬಿಎಂಪಿಯ ಕಾಲದಲ್ಲಿ ನಗರದಲ್ಲಿ ಸುಮಾರು 1,200 ಪಾರ್ಕುಗಳಿದ್ದವು, ಅವುಗಳ ಉಸ್ತುವಾರಿ ತೋಟಗಾರಿಕೆ ವಿಭಾಗದ್ದು. ತೋಟಗಾರಿಕೆಯವರ ಕೈಗೆ ಕೊಟ್ಟರೆ ಅದು ತೋಟವಾಗುವುದು ಸಹಜ. ಹುಲ್ಲು ಹಸಿರಾಗಿದೆಯೇ, ಹೂಗಿಡಗಳ ಸಾಲು ನೆಟ್ಟಗಿದೆಯೇ ಎಂಬುದೇ ಗುತ್ತಿಗೆದಾರನ ಬಿಲ್ಲಿಗೆ ಆಧಾರ. ಎಷ್ಟು ಮಕ್ಕಳು ಆಡಿದರು ಎಂಬುದು ಯಾವ ಬಿಲ್ಲಿನಲ್ಲೂ ಇಲ್ಲ. ಮಕ್ಕಳು ಆಡಿದರೆ ಹುಲ್ಲು ಸಾಯುತ್ತದೆ, ಆದ್ದರಿಂದ ಹುಲ್ಲು ತುಳಿಯಬಾರದು. ಚೆಂಡು ಬಡಿದರೆ ನಡೆಯುವ ಹಿರಿಯರು ಬೀಳುತ್ತಾರೆ, ಆದ್ದರಿಂದ ಚೆಂಡಾಟ ನಿಷಿದ್ಧ. 2024ರಲ್ಲಿ ಇಂದಿರಾನಗರದ ಪಾರ್ಕೊಂದರಲ್ಲಿ ಓಡಬಾರದು, ಅಪ್ರದಕ್ಷಿಣವಾಗಿ ನಡೆಯಬಾರದು ಎಂಬ ಫಲಕ ಕಾಣಿಸಿಕೊಂಡು ಊರೆಲ್ಲ ನಕ್ಕಿತು. ದೇವಸ್ಥಾನಕ್ಕೆ ಒಪ್ಪುವ ನಿಯಮ ಪಾರ್ಕಿಗೆ ಬಂದದ್ದು ನಗೆಯ ವಿಷಯವೇ. ಆದರೆ ಆ ಫಲಕದ ಹಿಂದಿನ ಮನೋಭಾವ ಬಹುತೇಕ ಎಲ್ಲ ಬಡಾವಣೆಗಳಲ್ಲೂ ಇದೆ. ಪಾರ್ಕಿನ ನಡುಭಾಗ ವಾಕಿಂಗ್ ಮಾಡುವವರದು, ಒಂದು ಬದಿ ತೆರೆದ ಜಿಮ್ಮು, ಮೂಲೆಯಲ್ಲಿ ಜಾರುಬಂಡೆ ಮತ್ತು ಎರಡು ಉಯ್ಯಾಲೆ. ಆ ಮೂಲೆ ಮೂರರಿಂದ ಏಳು ವರ್ಷದವರಿಗೆ. ಎಂಟರಿಂದ ಹದಿನೈದರವರಿಗೆ, ಅಂದರೆ ದೊಡ್ಡವರಿಲ್ಲದೆ ಆಡಬಲ್ಲ ಮತ್ತು ಆಡಬೇಕಾದ ವಯಸ್ಸಿನವರಿಗೆ, ಅಲ್ಲಿ ಒಂದು ಚದರಡಿಯೂ ಇಲ್ಲ. ಅವರು ಆಟಕ್ಕೂ ಇಲ್ಲ, ಲೆಕ್ಕಕ್ಕೂ ಇಲ್ಲ.

ಬಡಾವಣೆಯ ನಿವಾಸಿಗಳ ಕ್ಷೇಮಾಭಿವೃದ್ಧಿ ಸಂಘಗಳನ್ನು ಬೈಯುವುದು ಸುಲಭ, ಪೂರ್ತಿ ನ್ಯಾಯವಲ್ಲ. ಅನೇಕ ಪಾರ್ಕುಗಳು ಕಸದ ಗುಂಡಿಯಾಗದೆ, ಒತ್ತುವರಿಯಾಗದೆ ಉಳಿದದ್ದೇ ಆ ಹಿರಿಯರು ಕಡತ ಹಿಡಿದು ಕಚೇರಿಗಳಿಗೆ ಅಲೆದದ್ದರಿಂದ. ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಪಾರ್ಕಿಗೆಂದು ಬಿಟ್ಟಿದ್ದ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟಾಗ ಅಲ್ಲಿನ ನಿವಾಸಿಗಳು ಸುಪ್ರೀಂ ಕೋರ್ಟಿನವರೆಗೆ ಹೋರಾಡಿ 1991ರಲ್ಲಿ ಗೆದ್ದರು. ಬೆಂಗಳೂರು ಮೆಡಿಕಲ್ ಟ್ರಸ್ಟ್ ಪ್ರಕರಣವೆಂದು ಕಾನೂನಿನ ವಿದ್ಯಾರ್ಥಿಗಳು ಇಂದಿಗೂ ಓದುವ ಆ ತೀರ್ಪು, ಮಕ್ಕಳಿಗೆ ಆಟದ ಬಯಲು ಇರುವುದು ಸಾರ್ವಜನಿಕ ಹಿತದ ದೊಡ್ಡ ವಿಷಯ ಎಂದು ಸ್ಪಷ್ಟವಾಗಿ ಹೇಳಿದೆ. ಬಡಾವಣೆ ರಚಿಸುವಾಗ ಶೇ 15ರಷ್ಟು ಜಾಗವನ್ನು ಪಾರ್ಕು ಮತ್ತು ಆಟದ ಮೈದಾನಕ್ಕೆ ಬಿಡಬೇಕೆಂದು ಬಿಡಿಎ ಕಾಯ್ದೆ ವಿಧಿಸುತ್ತದೆ. 1985ರ ರಾಜ್ಯ ಕಾಯ್ದೆ ಉದ್ಯಾನ, ಆಟದ ಬಯಲು, ತೆರೆದ ಜಾಗ ಮೂರನ್ನೂ ಹೆಸರಿನಲ್ಲೇ ಸೇರಿಸಿಕೊಂಡಿದೆ. ಈ ಕಾನೂನುಗಳೆಲ್ಲ ಜಾಗವನ್ನು ಉಳಿಸುವವು. ಉಳಿದ ಜಾಗದ ಬೇಲಿಯೊಳಗೆ ಯಾರು, ಯಾವ ಹೊತ್ತಿನಲ್ಲಿ, ಏನು ಮಾಡಬಹುದು ಎಂಬುದನ್ನು ಅವು ಸಂಘದ ಕಾರ್ಯದರ್ಶಿಯ ವಿವೇಚನೆಗೆ ಬಿಟ್ಟಿವೆ, ಕಾವಲುಗಾರನ ಕೈಯಲ್ಲಿರುವ ಬೀಗದ ಕೈಗೆ ಬಿಟ್ಟಿವೆ. ಮಕ್ಕಳ ಆಟದ ಹಕ್ಕನ್ನು ಹೇಳುವ ವಿಶ್ವಸಂಸ್ಥೆಯ ಒಡಂಬಡಿಕೆಯ 31ನೆಯ ವಿಧಿಯನ್ನು ಭಾರತ 1992ರಲ್ಲೇ ಒಪ್ಪಿಕೊಂಡಿದೆ. ಗೇಟಿನ ಬಳಿ ಅದನ್ನು ತೋರಿಸಿ ಒಳಗೆ ಹೋದವರನ್ನು ನಾನು ನೋಡಿಲ್ಲ.

ಬೆಳಿಗ್ಗೆ ಹತ್ತಕ್ಕೆ ಮುಚ್ಚಿ ಮಧ್ಯಾಹ್ನ ಕಳೆದ ಮೇಲೆ ತೆರೆಯುವ ಪದ್ಧತಿಯನ್ನು ಬಿಟ್ಟು ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ಪಾರ್ಕುಗಳನ್ನು ತೆರೆದಿಡಬೇಕೆಂದು 2024ರಲ್ಲಿ ಆದೇಶವಾಯಿತು. ಬೇಸಿಗೆ ರಜೆಯ, ದಸರಾ ರಜೆಯ ಮಕ್ಕಳಿಗೆ ಇದಕ್ಕಿಂತ ದೊಡ್ಡ ಉಪಕಾರ ಯಾವ ಯೋಜನೆಯಿಂದಲೂ ಆಗಿಲ್ಲ ಎಂದು ನಾನು ತಿಳಿದಿದ್ದೇನೆ. ಆದರೆ ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಮಲ್ಲೇಶ್ವರದ ಆಟದ ಮೈದಾನದ ಕಬ್ಬಿಣದ ಗೇಟು ಕುಸಿದುಬಿದ್ದು 11 ವರ್ಷದ ಬಾಲಕನೊಬ್ಬ ತೀರಿಕೊಂಡ. ಅವನು ಮರ ಹತ್ತಿರಲಿಲ್ಲ, ಯಾವ ಅಪಾಯದ ಆಟವನ್ನೂ ಆಡುತ್ತಿರಲಿಲ್ಲ, ಗೇಟು ದಾಟುತ್ತಿದ್ದ. ಮಗು ತಾನಾಗಿ ಅಳೆದು ಎದುರಿಸುವ ಅಪಾಯ ಬೇರೆ. ತುಕ್ಕು ಹಿಡಿದ ಗೇಟು, ನೇತಾಡುವ ವಿದ್ಯುತ್ ತಂತಿ, ಮುಚ್ಚಳವಿಲ್ಲದ ಸಂಪು ಬೇರೆ. ಅವು ಮಗುವಿನ ಲೆಕ್ಕಾಚಾರಕ್ಕೆ ನಿಲುಕುವಂಥವಲ್ಲ, ದೊಡ್ಡವರ ಹೊಣೆಗೇಡಿತನದಿಂದ ಬಂದಂಥವು. ಮೇಲ್ವಿಚಾರಣೆ ಬೇಕಾದದ್ದು ಅಂಥ ಕಡೆ.

ಪಾರ್ಕಿಗೆ ಮಗುವನ್ನು ಒಂಟಿಯಾಗಿ ಕಳಿಸಿದರೆ ಪೊಲೀಸರು ಮನೆಗೆ ಬರುವ ಪರಿಸ್ಥಿತಿ ನಮ್ಮಲ್ಲಿ ಇಲ್ಲ. ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರಿಗೆ ಆ ಭಯವೂ ಉಂಟು. 2014ರಲ್ಲಿ ದಕ್ಷಿಣ ಕೆರೊಲಿನಾದಲ್ಲಿ ಒಂಬತ್ತು ವರ್ಷದ ಮಗಳನ್ನು ಪಾರ್ಕಿನಲ್ಲಿ ಆಡಲು ಬಿಟ್ಟು ಕೆಲಸಕ್ಕೆ ಹೋದ ತಾಯಿಯೊಬ್ಬರ ಬಂಧನವಾಗಿತ್ತು, ಆಮೇಲೆ 2018ರಲ್ಲಿ ಯೂಟಾ ರಾಜ್ಯವು ಇಂಥದ್ದು ನಿರ್ಲಕ್ಷ್ಯವಲ್ಲ ಎಂದು ಕಾನೂನಿನಲ್ಲೇ ಬರೆಯಬೇಕಾಯಿತು. ನಮಗೆ ಹೆಚ್ಚು ಉಪಯೋಗವಾಗುವ ಪಾಠಗಳು ನೆದರ್ಲೆಂಡ್ಸ್ ಮತ್ತು ಜಪಾನಿನಲ್ಲಿವೆ. 1971ರಲ್ಲಿ ನೆದರ್ಲೆಂಡ್ಸ್‌ನ ರಸ್ತೆಗಳಲ್ಲಿ ಸುಮಾರು 3,300 ಮಂದಿ ಸತ್ತರು, ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ಮಕ್ಕಳ ಕೊಲೆ ನಿಲ್ಲಿಸಿ ಎಂಬ ಹೆಸರಿನಲ್ಲೇ ತಂದೆತಾಯಂದಿರು ಬೀದಿಗಿಳಿದರು. ಮನೆಗಳ ನಡುವಿನ ರಸ್ತೆಯಲ್ಲಿ ವಾಹನಗಳು ನಡಿಗೆಯ ವೇಗದಲ್ಲಿ ಮಾತ್ರ ಚಲಿಸಬೇಕು, ಮಕ್ಕಳು ರಸ್ತೆಯ ಪೂರ್ತಿ ಅಗಲದಲ್ಲಿ ಆಡಬಹುದು ಎಂಬ ನಿಯಮ 1976ರಲ್ಲಿ ಅಲ್ಲಿ ಕಾನೂನಾಯಿತು. ಜಪಾನಿನ ದಾರಿ ಬೇರೆ. ಅಲ್ಲಿ ಒಂದನೇ ತರಗತಿಯ ಮಕ್ಕಳೂ ಗುಂಪಾಗಿ ನಡೆದು ಶಾಲೆಗೆ ಹೋಗುತ್ತಾರೆ. 1990ರ ದಶಕದಿಂದ ಈಚೆಗೆ ದಾರಿಯುದ್ದಕ್ಕೂ ಅಂಗಡಿಗಳು, ಮನೆಗಳು ‘ಹೆದರಿಕೆಯಾದರೆ ಇಲ್ಲಿಗೆ ಬಾ’ ಎಂಬ ಅರ್ಥದ ಗುರುತನ್ನು ಬಾಗಿಲಿಗೆ ಅಂಟಿಸಿಕೊಂಡಿವೆ. ವರಾಂಡದ ಅಜ್ಜಿ ಸಂಬಳವಿಲ್ಲದೆ ಮಾಡುತ್ತಿದ್ದ ಕೆಲಸವನ್ನು ಅಲ್ಲಿ ಬೀದಿ ಪಾಳಿಯ ಮೇಲೆ ಹಂಚಿಕೊಂಡಿದೆ.

ಬೆಂಗಳೂರಿನಲ್ಲಿ ಇದು ಆಗದ ಮಾತೇನಲ್ಲ. ನಮ್ಮ ಬೀದಿಯ ಮೂಲೆಯಲ್ಲಿ ಎಳನೀರಿನವರಿದ್ದಾರೆ, ಸೊಪ್ಪಿನವರಿದ್ದಾರೆ, ಅಪಾರ್ಟ್‌ಮೆಂಟಿನ ಸೆಕ್ಯುರಿಟಿಯವರಿದ್ದಾರೆ, ಔಷಧದ ಅಂಗಡಿಯಿದೆ. ಫುಟ್‌ಪಾತಿನ ವ್ಯಾಪಾರಿಗಳನ್ನು ಅಡಚಣೆಯೆಂದು ಎಬ್ಬಿಸಿದ ದಿನ ಮಕ್ಕಳ ದಾರಿಯ ಕಣ್ಣುಗಳನ್ನೂ ಎಬ್ಬಿಸಿದಂತಾಗುತ್ತದೆ ಎಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿದಿಲ್ಲ. ಪಾರ್ಕಿನ ಸುತ್ತಲಿನ ನಾಲ್ಕು ಕ್ರಾಸುಗಳಲ್ಲಿ ಗೇಟಿನ ಎರಡೂ ಬದಿಗೆ ಇಪ್ಪತ್ತು ಅಡಿ ಕಾರು ನಿಲ್ಲದಂತೆ ಮಾಡುವುದಕ್ಕೆ, ದಾಟುವ ಕಡೆ ರಸ್ತೆಯನ್ನೇ ಫುಟ್‌ಪಾತಿನ ಮಟ್ಟಕ್ಕೆ ಎತ್ತರಿಸುವುದಕ್ಕೆ, ಸಂಜೆ ನಾಲ್ಕರಿಂದ ಏಳರವರೆಗೆ ಒಳದಾರಿಯ ವಾಹನಗಳನ್ನು ತಡೆಯುವುದಕ್ಕೆ ಸುರಂಗ ರಸ್ತೆಯ ಹಣವೇನೂ ಬೇಕಾಗಿಲ್ಲ. ಪಾರ್ಕಿನೊಳಗೆ ಹುಲ್ಲಿಲ್ಲದ, ಮಣ್ಣಿನ, ಹತ್ತಬಹುದಾದ ಒಂದು ಮರವಿರುವ ಮೂಲೆಯೊಂದನ್ನು ಯಾವ ನಿಯಮವೂ ಇಲ್ಲದೆ ಬಿಟ್ಟುಬಿಡುವುದು ಇನ್ನೂ ಅಗ್ಗ, ತೋಟಗಾರಿಕೆ ವಿಭಾಗಕ್ಕೆ ಮಾತ್ರ ಅದು ಬಹಳ ಕಷ್ಟ.

2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ನಗರಪಾಲಿಕೆಗಳು ಬಂದಿವೆ, ಪಾರ್ಕುಗಳ ಪಟ್ಟಿ ಹೊಸ ಕಡತಗಳಿಗೆ ವರ್ಗವಾಗುತ್ತಿದೆ. ಆ ಪಟ್ಟಿಯಲ್ಲಿ ಪಾರ್ಕಿನ ವಿಸ್ತೀರ್ಣವಿದೆ, ನಡಿಗೆಪಥದ ಉದ್ದವಿದೆ, ಬೇಲಿ, ದೀಪ, ಬೋರ್‌ವೆಲ್ಲುಗಳ ವಿವರವಿದೆ. ಸುತ್ತಲಿನ ಅರ್ಧ ಕಿಲೋಮೀಟರಿನೊಳಗಿನ ಹತ್ತು ವರ್ಷದ ಮಕ್ಕಳಲ್ಲಿ ಎಷ್ಟು ಮಂದಿ ದೊಡ್ಡವರ ಕೈ ಹಿಡಿಯದೆ ಆ ಗೇಟಿನವರೆಗೆ ಬರಬಲ್ಲರು ಎಂಬ ಒಂದು ಕಾಲಮ್ಮನ್ನು ಅದಕ್ಕೆ ಸೇರಿಸಬಹುದು. ಕಳೆದ ಶನಿವಾರ ಸಂಜೆ ನಮ್ಮ ಹಳೆಯ ಪಾರ್ಕಿನ ಕಲ್ಲುಬೆಂಚಿನ ಮೇಲೆ ಕುಳಿತು ನಾನೇ ಎಣಿಸಿದೆ. ನಡೆಯುವ ದೊಡ್ಡವರು ಅರವತ್ತೋ ಎಪ್ಪತ್ತೋ ಇದ್ದರು, ಉಯ್ಯಾಲೆಯ ಬಳಿ ಅಮ್ಮಂದಿರ ಜೊತೆ ಹನ್ನೊಂದು ಪುಟ್ಟ ಮಕ್ಕಳು. ತಾವಾಗಿಯೇ ಬಂದವರು ಮೂವರು, ಪಕ್ಕದ ಕಟ್ಟಡದ ಕಾವಲುಗಾರನ ಮಕ್ಕಳು. ಅವರ ಚೆಂಡು ವಾಕಿಂಗ್ ದಾರಿಗೆ ಉರುಳಿ ಬಂದಾಗ ನನ್ನ ವಯಸ್ಸಿನವರೇ ಒಬ್ಬರು ಅದನ್ನು ಎತ್ತಿಕೊಂಡು, ಹಿಂದಿರುಗಿಸುವ ಮೊದಲು, ಇಲ್ಲಿ ಆಡಬಾರದೆಂದು ಬೋರ್ಡ್ ಹಾಕಿದ್ದಾರೆ ಕಾಣಿಸುವುದಿಲ್ಲವೇ ಎಂದು ಕೇಳಿದರು.